ಬುದ್ಧಿ ಹಲ್ಲು ಹೋದ ಮೇಲೆ

ನಮ್ಮ ಬುದ್ಧಿ ಹಲ್ಲು ಕಿತ್ತು ಎರಡು ತಿಂಗಳಾಯಿತು. ಹಲ್ಲು ಕೀಳಿಸಿಕೊಂಡ ಕತೆಯನ್ನೂ ಬರೆಯುತ್ತಾರೆಯೇ ಎಂದು ಓದುಗರು ನಗಬಹುದು. ಆದರೆ ಹಲ್ಲು ಕೀಳುವಾಗ ಆಗದ ನೋವು ಕಿತ್ತ ಮೂರನೆಯ ರಾತ್ರಿ ಶುರುವಾಗಿ, ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಮೂರು ಊರು ಸುತ್ತಿಸಿ, ಕೊನೆಗೆ ಒಂದು ಹಳೆಯ ಬಾಕಿಯನ್ನು ನಮ್ಮ ಮುಂದೆ ತಂದಿಟ್ಟಿತು. ಆ ಬಾಕಿಗಾಗಿ ಇದನ್ನು ಬರೆಯುತ್ತಿದ್ದೇವೆ.

'ನಾವು' ಎಂದು ಬರೆಯುತ್ತಿರುವುದು ದೊಡ್ಡಸ್ತಿಕೆಗಲ್ಲ. ಉರ್ದು ಶಾಲೆಯ ದಿನಗಳಿಂದ ಅಂಟಿಕೊಂಡ 'ಹಮ್' ಅದು. ಅಬ್ಬಾ ಕೂಡ ಹಾಗೆಯೇ ಮಾತಾಡುತ್ತಿದ್ದರು. ಕನ್ನಡದಲ್ಲಿ ಬರೆಯತೊಡಗಿದಾಗ ಅದೇ 'ನಾವು' ಆಗಿ ಉಳಿಯಿತು.

ಕನ್ನಡದ ಬುದ್ಧಿ ಹಲ್ಲಿಗೆ ಉರ್ದುವಿನಲ್ಲಿ 'ಅಕಲ್ ದಾಢ್' ಎನ್ನುತ್ತಾರೆ. ಅಕಲ್ ಎಂದರೂ ಬುದ್ಧಿಯೇ. ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ, ಬುದ್ಧಿ ಬಲಿಯುವ ಕಾಲಕ್ಕೆ ಬರುವುದರಿಂದ ಈ ಹೆಸರು. ಆದರೆ ಅದು ಬರುವ ಹೊತ್ತಿಗೆ ಬಾಯಿಯಲ್ಲಿ ಸೀಟೆಲ್ಲ ಭರ್ತಿಯಾಗಿರುತ್ತದೆ. ಜಾಗ ಸಿಗದೆ ಕೆಲವು ಹಲ್ಲು ಅಡ್ಡ ಬೀಳುತ್ತವೆ, ಕೆಲವು ಅರ್ಧ ಮೇಲೆ ಬಂದು ನಿಲ್ಲುತ್ತವೆ. ನಮ್ಮದು ಎಡಗಡೆಯ ಕೆಳದವಡೆಯಲ್ಲಿ, ಮುಂದಿನ ಹಲ್ಲಿಗೆ ಒರಗಿಕೊಂಡು ಇಪ್ಪತ್ತು ವರ್ಷ ಹಾಗೆಯೇ ಇತ್ತು. ಅದರ ಮೇಲೆ ಒಸಡಿನ ಒಂದು ಮಡಿಕೆ. ಅದರಡಿ ಅನ್ನದ ಅಗುಳು ಸೇರಿ ವರ್ಷಕ್ಕೆರಡು ಸಲ ಊದಿಕೊಳ್ಳುತ್ತಿತ್ತು. ಮಾತ್ರೆ ನುಂಗಿ ಮುಂದೂಡುತ್ತಿದ್ದೆವು. ಈ ಸಲ ಗಂಟಲೂ ಹಿಡಿದುಕೊಂಡಾಗ ಸಾಗರದ ದಂತವೈದ್ಯರು ಎಕ್ಸ್‌ರೇ ತೋರಿಸಿ, "ಇನ್ನು ಇಟ್ಟುಕೊಂಡರೆ ಪಕ್ಕದ ಹಲ್ಲನ್ನೂ ಕಳೆದುಕೊಳ್ಳುತ್ತೀರಿ" ಎಂದರು.

ಆವತ್ತು ಕಾಯುವ ಬೆಂಚಿನಲ್ಲಿ ನಮ್ಮ ಪಕ್ಕ ತುಮರಿ ಕಡೆಯ ಒಬ್ಬ ಹಿರಿಯರು ಕೂತಿದ್ದರು. ಗಲ್ಲಕ್ಕೆ ಟವೆಲು ಕಟ್ಟಿಕೊಂಡೇ ಮಾತಿಗೆಳೆದರು. ಹಲ್ಲುನೋವು ಏರುವುದು ರಾತ್ರಿ. ರಾತ್ರಿ ಹೊತ್ತು ಶರಾವತಿ ಹಿನ್ನೀರಿನಲ್ಲಿ ಲಾಂಚ್ ಇರುತ್ತಿರಲಿಲ್ಲ. ಹೊಳೆ ದಾಟಬೇಕಾದರೆ ಬೆಳಗಿನವರೆಗೆ ದವಡೆ ಹಿಡಿದುಕೊಂಡು ಕೂರಬೇಕಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ಕಷ್ಟ ತಪ್ಪಿತು ಎಂದರು. "ಆದ್ರೂ ನೋಡಿ, ಸೇತುವೆ ಆಯ್ತು, ಹಲ್ಲು ಉಳೀಲಿಲ್ಲ" ಎಂದು ತಾವೇ ನಕ್ಕರು. ಹಲ್ಲಿನ ನೋವಿಗೆ ಇದೊಂದು ಶಾಪ. ಅನುಭವಿಸುವವನೂ ನಗುತ್ತಲೇ ಹೇಳಬೇಕು. ಮುಂದಿನ ಎರಡು ಹಲ್ಲು ಮುರಿದ ಸಂಗತಿಯನ್ನು ಮಿರ್ಜಾ ಗಾಲಿಬ್ ಕೂಡ ಹಾತಿಮ್ ಅಲಿ ಮೆಹರ್ ಅವರಿಗೆ ಬರೆದ ಪತ್ರದಲ್ಲಿ ತಮಾಷೆಯಾಗಿಯೇ ಹೇಳಿಕೊಂಡಿದ್ದಾರೆ.

ಕೀಳುವಾಗ ನೋವಾಗಲಿಲ್ಲ ಎಂದೆವಲ್ಲ, ಅದು ಸುಳ್ಳಲ್ಲ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ ಲಿಗ್ನೋಕೇನ್ ಎಂಬ ಮದ್ದಿನ ಪುಣ್ಯ. ಸೂಜಿ ಚುಚ್ಚಿದ ಐದು ನಿಮಿಷಕ್ಕೆ ಅರ್ಧ ನಾಲಿಗೆ, ಅರ್ಧ ತುಟಿ ಬೇರೆಯವರದ್ದಾದವು. ಒಸಡು ಕೊಯ್ದು, ಸ್ವಲ್ಪ ಮೂಳೆ ಕೊರೆದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆದರು. ಮೂರು ಹೊಲಿಗೆ ಬಿತ್ತು. ಸಾವಿರ ವರ್ಷದ ಹಿಂದೆ ಕೊರ್ಡೋವಾದಲ್ಲಿದ್ದ ಶಸ್ತ್ರವೈದ್ಯ ಅಲ್-ಜಹ್ರಾವಿ ನೆನಪಾದರು. 30 ಭಾಗಗಳ ತಮ್ಮ 'ಅಲ್-ತಸ್ರೀಫ್' ಗ್ರಂಥದ ಕೊನೆಯ ಭಾಗದಲ್ಲಿ ಅವರು ಹಲ್ಲು ಕೀಳುವ ಇಕ್ಕಳಗಳ ಚಿತ್ರ ಬರೆದು, ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ನೋವು ಮೋಸ ಮಾಡುತ್ತದೆ, ರೋಗಿ ತೋರಿಸುವ ಹಲ್ಲೇ ಕೆಟ್ಟ ಹಲ್ಲಾಗಿರಬೇಕಿಲ್ಲ, ಕ್ಷೌರಿಕರು ಅವಸರದಲ್ಲಿ ಒಳ್ಳೆಯ ಹಲ್ಲನ್ನು ಕಿತ್ತುಬಿಡುತ್ತಾರೆ ಎಂದು. ನೋವನ್ನು ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ವೈದ್ಯವೇ ಕೆಡುತ್ತದೆ ಎಂಬುದು ಅದರ ಸಾರ. ಆವತ್ತು ಆ ಮಾತು ನಮಗೆ ವೈದ್ಯರಿಗೆ ಮಾತ್ರ ಹೇಳಿದ್ದೆಂದು ಕಂಡಿತ್ತು.

ಹೊರಡುವಾಗ ಒಂದು ಚೀಟಿ ಕೊಟ್ಟರು. ಹತ್ತಿಯನ್ನು ಒಂದು ಗಂಟೆ ಕಚ್ಚಿ ಹಿಡಿಯಿರಿ. ಉಗುಳಬೇಡಿ. 24 ಗಂಟೆ ಬಾಯಿ ಮುಕ್ಕಳಿಸಬೇಡಿ. ಆಮೇಲೆ ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿಟ್ಟು ಮೆಲ್ಲಗೆ ಬಿಡಿ. ಸ್ಟ್ರಾ ಹಾಕಿ ಏನನ್ನೂ ಹೀರಬೇಡಿ. ಬೀಡಿ, ಸಿಗರೇಟು, ಹೊಗೆಸೊಪ್ಪು, ಎಲೆ ಅಡಿಕೆ ಒಂದು ವಾರ ಬೇಡ.

ಚೀಟಿಯ ಒಂದು ಸಾಲು ನಮ್ಮನ್ನು ಯೋಚನೆಗೆ ಹಚ್ಚಿತು. ನಮಾಜಿಗೆ ಮೊದಲು ವುಝೂ ಮಾಡುವಾಗ ಪ್ರತಿ ಸಲವೂ ಮೂರು ಬಾರಿ ಬಾಯಿ ಮುಕ್ಕಳಿಸುವುದು ರೂಢಿ. ದಿನಕ್ಕೆ ಐದು ಹೊತ್ತೆಂದರೆ ಹದಿನೈದು ಮುಕ್ಕಳಿಕೆ. ಮಸೀದಿಯ ಹಜರತರನ್ನು ಕೇಳಿದೆವು. ಅವರು, "ಹನಫಿ ಮಜ್‌ಹಬಿನಲ್ಲಿ ವುಝೂವಿನ ಫರ್ಜ್ ನಾಲ್ಕೇ. ಬಾಯಿ ಮುಕ್ಕಳಿಸುವುದು ಸುನ್ನತ್. ಡಾಕ್ಟರು ಬೇಡವೆಂದ ಮೇಲೆ ಬಿಡಿ. ಆಮೇಲೆ ನೀರು ತೆಗೆದುಕೊಂಡು ಹಾಗೇ ಸೋರಿಹೋಗಲು ಬಿಡಿ. ದೇಹವೂ ಅಮಾನತೇ" ಎಂದರು. ಧರ್ಮ ಇಷ್ಟು ಸುಲಭ ಮಾಡಿಕೊಟ್ಟಿತು. ಕೆಡಿಸಿಕೊಂಡದ್ದು ನಮ್ಮ ಚಪಲ.

ಮೂರನೆಯ ದಿನ ಹೊಸನಗರದಲ್ಲಿ ಹತ್ತಿರದ ಸಂಬಂಧಿಕರ ಮನೆಯ ನಿಕಾಹ್. ಊತ ಇಳಿಯತೊಡಗಿತ್ತು, ನೋವೂ ಕಡಿಮೆ. ಬೀಬಿ, "ಬೇಡ, ಮನೆಯಲ್ಲೇ ಇರಿ, ನಾನು ಹೋಗಿ ಬರುತ್ತೇನೆ" ಎಂದಳು. ಕೇಳಲಿಲ್ಲ. ಬಟ್ಟೆಮಲ್ಲಪ್ಪದ ದಾರಿಯಲ್ಲಿ ಮಳೆಗಾಲ ಬಿಟ್ಟುಹೋದ ಗುಂಡಿಗಳನ್ನೆಲ್ಲ ನಮ್ಮ ದವಡೆ ಎಣಿಸುತ್ತ ಹೋಯಿತು. ಮದುವೆಮನೆಯಲ್ಲಿ ಬಿರಿಯಾನಿಯ ವಾಸನೆ ಕುಡಿದು, ಮೊಸರನ್ನ ನುಂಗಿದೆವು. ಆಮೇಲೆ ಬಂತು ಎಲೆ ಅಡಿಕೆಯ ತಟ್ಟೆ. ಮಲೆನಾಡಿನಲ್ಲಿ ಯಾವ ಜಾತಿಯವರ ಊಟವೂ ಅದಿಲ್ಲದೆ ಮುಗಿಯುವುದಿಲ್ಲ. ಈ ಮೂರು ತಾಲೂಕಿನ ಅನ್ನವೇ ಅಡಿಕೆಯದು. ತಟ್ಟೆ ಹಿಡಿದು ನಿಂತ ಹುಡುಗನಿಗೆ ಬೇಡವೆನ್ನಲಾಗಲಿಲ್ಲ. ಬಲಗಡೆ ಹಾಕಿಕೊಂಡರಾಯಿತು ಎಂದುಕೊಂಡೆವು. ಅಗಿದೆವು, ರಸ ಹೀರಿದೆವು, ಎರಡು ಸಲ ಜೋರಾಗಿ ಉಗುಳಿದೆವು.

ಆ ರಾತ್ರಿ ಹೊಸನಗರದಲ್ಲೇ ಆಪಾರ ಮನೆಯಲ್ಲಿ ಉಳಿದೆವು. ಒಂದು ಗಂಟೆಯ ಹೊತ್ತಿಗೆ ಎಚ್ಚರವಾಯಿತು. ಕಿವಿಯೊಳಗೆ ಯಾರೋ ಬೈರಿಗೆ ಇಟ್ಟು ತಿರುಗಿಸಿದಂತೆ. ಹಲ್ಲಿದ್ದಾಗಿನ ನೋವು ಇದರ ಮುಂದೆ ಮಗು. ಹಲ್ಲೇ ಇಲ್ಲ, ನೋಯುತ್ತಿರುವುದು ಏನು? ಬಾಯಿಯಲ್ಲಿ ಕೆಟ್ಟ ರುಚಿ, ನಮಗೇ ಬರುವ ದುರ್ವಾಸನೆ. ಡಾಕ್ಟರು ಕೊಟ್ಟಿದ್ದ ಮಾತ್ರೆ ನುಂಗಿದೆವು. ಒಂದು ಗಂಟೆ ತಡೆದು ಮತ್ತೆ ಬಂತು. ಎದ್ದು ಅಂಗಳದಲ್ಲಿ ಅಡ್ಡಾಡಿದೆವು.

ಸದ್ದಿಗೆ ಆಪಾ ಎದ್ದು ಬಂದರು. "ನೀನು ಚಿಕ್ಕವನಿದ್ದಾಗಲೂ ಹೀಗೇ, ಹಲ್ಲು ಅಂದರೆ ಊರೆಲ್ಲ ಎಬ್ಬಿಸುತ್ತಿದ್ದೆ" ಎನ್ನುತ್ತ ಲವಂಗ ತಂದರು. ಚಿಕ್ಕಂದಿನಲ್ಲಿ ಇದೇ ಊರಿನಲ್ಲಿ ಹಲ್ಲಿನ ಹುಳ ತೆಗೆಯುವ ಒಬ್ಬ ಅಜ್ಜಿ ಇದ್ದರು. ಕೆಂಡದ ಮೇಲೆ ಗುಳ್ಳದ ಬೀಜ ಹಾಕಿ, ಮೇಲೆ ಕರಟ ಕವುಚಿ, ಅದರ ತೂತಿನಿಂದ ಬರುವ ಹೊಗೆಯನ್ನು ಕೊಳವೆಯಲ್ಲಿ ಬಾಯಿಗೆ ಬಿಡುತ್ತಿದ್ದರು. ಆಮೇಲೆ ನೀರಿನ ಬಟ್ಟಲಿನಲ್ಲಿ ಬೆಳ್ಳಗಿನ ಎಳೆಗಳನ್ನು ತೋರಿಸಿ, "ನೋಡು ಹುಳ" ಎನ್ನುತ್ತಿದ್ದರು. ಅವು ಬಿಸಿಗೆ ಸಿಡಿದ ಬೀಜದ ಒಳಗಿನ ಮೊಳಕೆಗಳೇ ಹೊರತು ಹುಳವಲ್ಲ ಎಂಬುದು ದೊಡ್ಡವರಾದ ಮೇಲೆ ತಿಳಿಯಿತು. ಆದರೆ ಆ ಅಜ್ಜಿ ಒಂದು ಕೆಲಸ ಮಾಡುತ್ತಿದ್ದರು. ಯಾವ ಮಗು ಬಂದರೂ ಮೊದಲು ಗಲ್ಲ ಹಿಡಿದು, "ಎಲ್ಲಿ? ಯಾವಾಗಿಂದ?" ಎಂದು ಕೇಳುತ್ತಿದ್ದರು.

ಬೆಳಿಗ್ಗೆ ನಾವು ಸಾಗರಕ್ಕೆ ಹೊರಟರೆ ಬೀಬಿ ತಡೆದಳು. "ಇದು ಬರೀ ಗಾಯದ ನೋವಲ್ಲ. ಮೂರು ದಿನ ಕಡಿಮೆಯಾಗಿ ಆಮೇಲೆ ಏರಿದರೆ ಅದು ಬೇರೆ. ತೀರ್ಥಹಳ್ಳಿಗೆ ಹೋಗೋಣ. ಹೇಗೂ ಅಮ್ಮಿಯನ್ನು ನೋಡಬೇಕು. ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ" ಎಂದಳು. ವಾದ ಮಾಡಲು ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಬಸ್ಸು ಹತ್ತಿದೆವು.

ತೀರ್ಥಹಳ್ಳಿಯ ಡಾಕ್ಟರಮ್ಮ ದೀಪ ಹಿಡಿದು ನೋಡಿ ಒಂದೇ ಮಾತು ಹೇಳಿದರು: "ಡ್ರೈ ಸಾಕೆಟ್." ಹಾಗೆಂದರೆ ಏನೆಂದು ಬಿಡಿಸಿ ಹೇಳಿದರು. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಒಳಗಿನ ಮೂಳೆಗೂ ನರದ ತುದಿಗಳಿಗೂ ಹೊದಿಕೆ. ಅದರ ಮೇಲೆಯೇ ಹೊಸ ಮಾಂಸ ಬೆಳೆಯಬೇಕು. ಅದು ಹೊತ್ತಿಗೆ ಮೊದಲೇ ಕರಗಿಯೋ ಕಿತ್ತೋ ಹೋದರೆ ಮೂಳೆ ಬರಿದಾಗಿ ಗಾಳಿ, ನೀರು, ಎಂಜಲು ಎಲ್ಲಕ್ಕೂ ಮೈಯೊಡ್ಡುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ನೋವು ಹುಟ್ಟಿ ಕಿವಿ, ಕಪಾಳದವರೆಗೆ ಹಬ್ಬುತ್ತದೆ. ಮಾಮೂಲಿ ಹಲ್ಲು ಕಿತ್ತಾಗ ನೂರರಲ್ಲಿ ಕೆಲವರಿಗಷ್ಟೇ ಹೀಗಾಗುತ್ತದೆ. ಕೆಳದವಡೆಯ ಬುದ್ಧಿ ಹಲ್ಲಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಹೊಗೆ ಸೇದುವವರಿಗೆ ಹೆಚ್ಚು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಂಗಸರಿಗೂ ಹೆಚ್ಚು. ಕೆಲವೊಮ್ಮೆ ಯಾರ ತಪ್ಪೂ ಇಲ್ಲದೆಯೂ ಆಗುತ್ತದೆ.

"ಎಲೆ ಅಡಿಕೆ ಹಾಕಿದ್ರಾ?" ಎಂದರು. ತಲೆ ತಗ್ಗಿಸಿದೆವು.

ಗುಳಿಯನ್ನು ಉಪ್ಪುನೀರಿನಲ್ಲಿ ತೊಳೆದು, ಲವಂಗದೆಣ್ಣೆಯ ಸತ್ವವಾದ ಯೂಜಿನಾಲ್ ಇರುವ ಔಷಧದ ಪಟ್ಟಿಯನ್ನು ಒಳಗೆ ತುಂಬಿದರು. ಹತ್ತು ನಿಮಿಷದಲ್ಲಿ ಕಿವಿಯೊಳಗಿನ ಬೈರಿಗೆ ನಿಂತಿತು. ಆಪಾರ ಲವಂಗವೂ ದಾರಿ ತಪ್ಪಿರಲಿಲ್ಲ. ಆದರೆ ಮನೆಯಲ್ಲಿ ಲವಂಗವನ್ನೋ ಅದರ ಎಣ್ಣೆಯನ್ನೋ ನೇರವಾಗಿ ಗಾಯಕ್ಕೆ ತುರುಕಿದರೆ ಒಸಡು ಸುಡುತ್ತದೆ ಎಂದು ಡಾಕ್ಟರಮ್ಮ ಎಚ್ಚರಿಸಿದರು. ಅಂಗಡಿಯಿಂದ ತಾವೇ ಆಂಟಿಬಯಾಟಿಕ್ ತಂದು ನುಂಗುವುದರಿಂದ ಈ ನೋವು ಹೋಗುವುದಿಲ್ಲ ಎಂದೂ ಹೇಳಿದರು. ಎರಡು ದಿನಕ್ಕೊಮ್ಮೆ ಪಟ್ಟಿ ಬದಲಿಸಬೇಕು, ವಾರ ಹತ್ತು ದಿನದಲ್ಲಿ ತಹಬಂದಿಗೆ ಬರುತ್ತದೆ.

ಅಡಿಕೆಯ ಬಗ್ಗೆಯೂ ಒಂದು ಮಾತು ಹೇಳಿದರು. ಬಾಯಲ್ಲಿ ನಿಮ್ಮವೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದರೆ ಹಿಡಿಸಬೇಕು. ವರ್ಷಗಟ್ಟಲೆ ಅಡಿಕೆ ಅಗಿದವರಲ್ಲಿ ಕೆಲವರಿಗೆ ಗಲ್ಲದ ಒಳಪದರ ಗಟ್ಟಿಯಾಗಿ, ಖಾರ ತಾಗಿದರೆ ಉರಿದು, ಬಾಯಿ ತೆರೆಯುವುದೇ ಕಡಿಮೆಯಾಗುತ್ತ ಹೋಗುತ್ತದೆ. ಅಂಥವರಿಗೆ ಹಿಂದಿನ ಹಲ್ಲು ಕೀಳುವುದೂ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ಗ್ರಂಥದಲ್ಲಿ, ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ತೋಟದವರಿಗೆ ಈ ಮಾತು ರುಚಿಸುವುದಿಲ್ಲ. ಅಡಿಕೆಯ ದುಡ್ಡಿನಲ್ಲೇ ಓದಿದ ನಮಗೂ ಅದು ಸುಲಭವಾಗಿ ಗಂಟಲಲ್ಲಿಳಿಯಲಿಲ್ಲ.

ಹೊರಡುವಾಗ ಡಾಕ್ಟರಮ್ಮ ಬೀಬಿಯ ಕಡೆ ತಿರುಗಿ, "ಸರಿಯಾದ ದಿನ ಕರೆದುಕೊಂಡು ಬಂದ್ರಿ. ಎಷ್ಟೋ ಜನ ಎಂಟು ದಿನ ಕೂತಿರ್ತಾರೆ. ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದರು.

"ನನಗೂ ಆಗಿತ್ತು ಡಾಕ್ಟ್ರೇ. ಹನ್ನೆರಡು ವರ್ಷ ಆಯ್ತು. ಹನ್ನೊಂದು ದಿನ ಇತ್ತು. ಆಗ ಹೆಸರು ಗೊತ್ತಿರಲಿಲ್ಲ."

ಸುಮ್ಮನೆ ಹೇಳಿದಳು, ಪೇಟೆಯಲ್ಲಿ ಬೆಲೆ ಹೇಳುವಂತೆ. ನಮಗೆ ಮಾತ್ರ ಮರಗಟ್ಟಿದ ಗಲ್ಲದ ಮೇಲೆ ಯಾರೋ ಹೊಡೆದಂತಾಯಿತು.

ಆ ರಾತ್ರಿ ಅತ್ತೆಯ ಮನೆಯಲ್ಲಿ ನೋವಿಲ್ಲದಿದ್ದರೂ ನಿದ್ದೆ ಬರಲಿಲ್ಲ. ಹನ್ನೆರಡು ವರ್ಷ ಹಿಂದಿನ ಆ ದಿನಗಳನ್ನು ಒಂದೊಂದಾಗಿ ಹೊರಗೆ ತೆಗೆದೆವು. ಬೀಬಿಯ ಬುದ್ಧಿ ಹಲ್ಲು ಕಿತ್ತದ್ದು ನೆನಪಿತ್ತು. ಎರಡನೆಯ ದಿನವೇ ಒಲೆಯ ಮುಂದೆ ನಿಂತದ್ದು ನೆನಪಿತ್ತು. ಅವಳು ಗಲ್ಲಕ್ಕೆ ದುಪಟ್ಟಾ ಒತ್ತಿಕೊಂಡು ಮಕ್ಕಳಿಗೆ ಊಟ ಬಡಿಸುತ್ತಿದ್ದದ್ದು, ರಾತ್ರಿ ಎದ್ದು ಕೂರುತ್ತಿದ್ದದ್ದು. "ಕಿವಿಗೆ ಹೊಡೀತಾ ಇದೆ, ಇನ್ನೊಮ್ಮೆ ತೋರಿಸಿ ಬರೋಣವಾ?" ಎಂದು ಒಂದಲ್ಲ, ಮೂರು ಸಲವಾದರೂ ಕೇಳಿದ್ದಳು. ನಾವೇನು ಹೇಳಿದ್ದೆವು? "ಹಲ್ಲು ಕಿತ್ತ ಮೇಲೆ ನೋವಿಲ್ಲದೆ ಇರುತ್ತದೆಯೇ? ಎರಡು ದಿನ ತಡೆದುಕೋ."

ತಡೆದುಕೋ ಎಂದದ್ದೇಕೆಂದರೆ ನಾವು ಆಗ ಒಂದು ಕತೆ ಬರೆಯುತ್ತಿದ್ದೆವು. ವಿಶೇಷಾಂಕಕ್ಕೆ ಕಳಿಸುವ ಗಡುವಿತ್ತು. ಕತೆ ಒಬ್ಬ ಹೆಂಗಸಿನದು. ಮನೆಯ ಎಲ್ಲರ ಕಷ್ಟವನ್ನೂ ಹೊತ್ತು, ತನ್ನ ನೋವನ್ನು ಯಾರಿಗೂ ಹೇಳದೆ, ಮೌನವಾಗಿ ಸವೆದುಹೋಗುವವಳು. ಕತೆ ಪ್ರಕಟವಾಯಿತು. ನಮ್ಮ ಹೆಂಗಸರ ಮೂಕವೇದನೆಗೆ ದನಿ ಕೊಟ್ಟಿದ್ದೀರಿ ಎಂದು ಪತ್ರಗಳು ಬಂದವು. ಒಂದೆರಡನ್ನು ಬೀಬಿಗೂ ಓದಿ ಹೇಳಿದ್ದೆವು.

ಬೆಳಿಗ್ಗೆ ಅವಳು ಗಂಜಿ ತಂದಿಟ್ಟಾಗ ಕೇಳಿಯೇಬಿಟ್ಟೆವು. "ಆ ಕತೆ ನೀನು ಓದಿದ್ದೆಯಾ?"

"ಓದಿದ್ದೆ. ಚೆನ್ನಾಗಿತ್ತು" ಎಂದಳು. ಗಂಜಿಗೆ ತುಪ್ಪ ಹಾಕಿ ಕಲಸುತ್ತ, "ಆದರೆ ಅದರಲ್ಲಿ ಆ ಹೆಂಗಸು ಬಾಯಿ ಬಿಟ್ಟು ಹೇಳುವುದೇ ಇಲ್ಲ. ನಾನು ಹೇಳಿದ್ದೆ."

ಓದುಗರೇ, ಇಪ್ಪತ್ತು ವರ್ಷ ಕತೆ ಬರೆದ ನಮಗೆ ಇಷ್ಟು ಸರಿಯಾದ ವಿಮರ್ಶೆಯನ್ನು ಯಾರೂ ಕೊಟ್ಟಿರಲಿಲ್ಲ. ಹೆಂಗಸರು ಮೌನವಾಗಿ ಸಹಿಸುತ್ತಾರೆ ಎಂದು ಬರೆಯುವುದರಲ್ಲಿ ನಮಗೊಂದು ಅನುಕೂಲವಿದೆ. ಅವರು ಹೇಳಲೇ ಇಲ್ಲ ಎಂದಾದರೆ ಕೇಳದಿದ್ದದ್ದು ನಮ್ಮ ತಪ್ಪಾಗುವುದಿಲ್ಲ. ನಿಜಕ್ಕೂ ಅವರು ಹೇಳುತ್ತಾರೆ. ಒಲೆಯ ಮುಂದೆ ನಿಂತು ಹೇಳುತ್ತಾರೆ, ಮಗುವಿಗೆ ಉಣ್ಣಿಸುತ್ತ ಹೇಳುತ್ತಾರೆ, ಮೂರು ಸಲ ಹೇಳುತ್ತಾರೆ. ನಾಲ್ಕನೆಯ ಸಲ ಹೇಳುವುದಿಲ್ಲ, ಅಷ್ಟೆ. ಆ ನಾಲ್ಕನೆಯ ಸಲದ ಮೌನ ಮಾತ್ರ ನಮ್ಮಂಥ ಕತೆಗಾರರಿಗೆ ಕಾಣುತ್ತದೆ.

ಮಾಫಿ ಕೇಳಿದೆವು. "ಗಂಜಿ ಆರುತ್ತದೆ, ಕುಡಿಯಿರಿ" ಎಂದಳು. ಮಾಫಿ ಸಿಕ್ಕಿತೋ ಇಲ್ಲವೋ ಅದರಿಂದ ಗೊತ್ತಾಗಲಿಲ್ಲ. ಕೇಳಿದ ತಕ್ಷಣ ಸಿಗಬೇಕೆಂಬ ನಿಯಮವೂ ಇಲ್ಲ.

ಮೂರು ಸಲ ಪಟ್ಟಿ ಬದಲಿಸಿಕೊಂಡು, ಹತ್ತನೆಯ ದಿನ ಸಾಗರಕ್ಕೆ ಮರಳಿದೆವು. ಗುಣವಾಗುವುದು ನಿಧಾನದ ಕೆಲಸ. ಮೊದಲು ರಾತ್ರಿಯ ನೋವು ಹೋಯಿತು, ಆಮೇಲೆ ವಾಸನೆ, ಆಮೇಲೆ ಕಿವಿಯ ಸೆಳೆತ. ದಿನವೂ ಕನ್ನಡಿಯ ಮುಂದೆ ನಿಂತು ಬಾಯಿಗೆ ಬೆರಳಿಟ್ಟು ಅಳೆದೆವು. ಎರಡು ಬೆರಳು, ಎರಡೂವರೆ, ಇಪ್ಪತ್ತನೆಯ ದಿನ ಮೂರು. ಖಿಚಡಿಯಿಂದ ಕಡುಬಿಗೆ, ಕಡುಬಿನಿಂದ ಅಕ್ಕಿ ರೊಟ್ಟಿಗೆ ಬಡ್ತಿ ಸಿಕ್ಕಿತು. ಒಸಡು ಮೂರ್ನಾಲ್ಕು ವಾರದಲ್ಲಿ ಮುಚ್ಚಿಕೊಂಡಿತು. ಒಳಗಿನ ಮೂಳೆ ತುಂಬಲು ಇನ್ನೂ ತಿಂಗಳುಗಳು ಬೇಕಂತೆ. ಎಲೆ ಅಡಿಕೆ ಬಿಟ್ಟಿದ್ದೇವೆ. ತಟ್ಟೆ ಬಂದಾಗ ಕೈ ಇನ್ನೂ ಮುಂದೆ ಹೋಗುತ್ತದೆ, ಹೋಗಿ ಹಿಂದೆ ಬರುತ್ತದೆ.

ಹೋದ ವಾರ ಅಡಿಕೆ ಸುಲಿಯುವ ಮನೆಯೊಂದಕ್ಕೆ ಹೋಗಿದ್ದೆವು. ಸುಲಿಯುವ ಹೆಂಗಸರ ಸಾಲಿನಲ್ಲಿ ಒಬ್ಬಾಕೆ ಗಲ್ಲಕ್ಕೆ ಸೆರಗು ಒತ್ತಿಕೊಂಡು ಒಂದೇ ಕೈಯಲ್ಲಿ ಅಡಿಕೆ ರಾಶಿ ಎಳೆದುಕೊಳ್ಳುತ್ತಿದ್ದಳು. ಪಕ್ಕದವಳು, "ಹಲ್ಲು ಕೀಳ್ಸಿದ್ಲು, ನೋವಂತೆ" ಎಂದು ನಕ್ಕಳು. ಸುಲಿದಷ್ಟಕ್ಕೆ ಕೂಲಿ, ರಜೆ ಹಾಕಿದರೆ ಕಾಸಿಲ್ಲ.

"ಕೀಳಿಸಿ ಎಷ್ಟು ದಿನ ಆಯ್ತಮ್ಮ?" ಎಂದೆವು.

"ಐದು ದಿನ ಸಾಬ್ರೇ."

"ಕಡಿಮೆ ಆಗ್ತಾ ಇದೆಯಾ, ಜಾಸ್ತಿ ಆಗ್ತಾ ಇದೆಯಾ?"

ಆಕೆ ತಲೆಯೆತ್ತಿ ನೋಡಿದಳು. "ಮೊನ್ನೆಯಿಂದ ಜಾಸ್ತಿ" ಎಂದಳು. ಯಾರಿಗೋ ಹೇಳಬೇಕೆಂದು ಕಾದಿದ್ದಂತಿತ್ತು.

ಕೇಳಬೇಕಾದ ಪ್ರಶ್ನೆ ಇಷ್ಟೇ: ಎಷ್ಟನೆಯ ದಿನ, ಇಳಿಯುತ್ತಿದೆಯೋ ಏರುತ್ತಿದೆಯೋ. ದಿನದಿನಕ್ಕೆ ಇಳಿಯುವ ನೋವು ಗಾಯ ಮಾಯುವ ನೋವು. ಮೂರು ದಿನದ ಮೇಲೂ ಏರುವ ನೋವು, ಜ್ವರ, ಕೀವು, ಹೆಚ್ಚುತ್ತ ಹೋಗುವ ಊತ, ನುಂಗಲು ಅಥವಾ ಉಸಿರಾಡಲು ಕಷ್ಟ, ಹೋಗದ ಜೋಮು, ನಿಲ್ಲದ ರಕ್ತ, ಇವುಗಳಲ್ಲಿ ಯಾವುದಿದ್ದರೂ ತಡೆದುಕೊಳ್ಳುವ ಮಾತಿಲ್ಲ. ಮನೆಯ ಯಜಮಾನರಿಗೆ ಹೇಳಿ ಅರ್ಧ ದಿನದ ಕೂಲಿ ಕಡಿಯದಂತೆ ಮಾಡಿ, ಆಕೆಯನ್ನು ತಾಲೂಕು ಆಸ್ಪತ್ರೆಗೆ ಕಳಿಸಿದೆವು. ಹೋಗುವಾಗ ಜೊತೆಗೆ, ನಗುತ್ತಿದ್ದ ಆ ಪಕ್ಕದವಳೇ ಹೊರಟಳು.

ಮನೆಗೆ ಬಂದು ಬೀಬಿಗೆ ಹೇಳಿದೆವು. ಕೇಳಿ, "ಸಂಜೆ ಹೇಗಿದ್ದಾಳೆಂದು ವಿಚಾರಿಸಿ" ಎಂದಳು. ಸಂಜೆ ಇಬ್ಬರೂ ಹೋಗಿ ವಿಚಾರಿಸಿಕೊಂಡು ಬಂದೆವು.